ಹನ್ನೆರಡನೆಯ ಕುರ್ಚಿ

ನಮ್ಮ ದೇವದುರ್ಗದ ಚರ್ಚಿನಲ್ಲಿ ಕಾಲು ತೊಳೆಸಿಕೊಳ್ಳುವವರು ಮನೆಯಲ್ಲೇ ಕಾಲು ತೊಳೆದುಕೊಂಡು ಬರುತ್ತಿದ್ದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಯೇಸುಸ್ವಾಮಿ ಶಿಲುಬೆಗೆ ಹೋಗುವ ಹಿಂದಿನ ಸಂಜೆ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದನೆಂದು ಯೋಹಾನನ ಸುವಾರ್ತೆಯಲ್ಲಿದೆ. ಅದರ ನೆನಪಿಗೆ ಶುಭ ಶುಕ್ರವಾರದ ಹಿಂದಿನ ದಿನ ಸಂಜೆ ನಮ್ಮ ಪಾಸ್ಟರರು ಹನ್ನೆರಡು ಮಂದಿಯ ಕಾಲು ತೊಳೆಯುತ್ತಿದ್ದರು. ಆ ಹನ್ನೆರಡು ಹೆಸರುಗಳನ್ನು ಸಭೆಯ ಹಿರಿಯರೊಬ್ಬರು ನಾಲ್ಕು ದಿನ ಮೊದಲು, ಗರಿಗಳ ಭಾನುವಾರವೇ ಓದಿ ಹೇಳುವರು. ಹೆಸರು ಬಂದವರ ನಡಿಗೆಯೇ ಆ ವಾರವೆಲ್ಲ ಬೇರೆ. ಉಗುರು ಕತ್ತರಿಸಿಕೊಳ್ಳುವರು, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುವರು. ಒಬ್ಬ ಮಾಸ್ತರರಂತೂ ಬೆರಳ ಸಂದಿಗೆ ಪೌಡರು ಬಳಿದುಕೊಂಡು ಬರುತ್ತಿದ್ದರು. ತೊಳೆದು ಮುಗಿದ ಮೇಲೆ ಬೋಗುಣಿ ಬಗ್ಗಿ ನೋಡಿದರೆ ನೀರು ಕುಡಿಯುವ ಹಾಗೆ ತಿಳಿಯಾಗಿರುತ್ತಿತ್ತು. ಮತ್ತೆ ತೊಳೆದದ್ದಾದರೂ ಏನನ್ನು ಎಂದು ಯಾರೂ ಕೇಳಲಿಲ್ಲ.

ಆ ನೀರು ಕಾಯಿಸುತ್ತಿದ್ದವನು ನಮ್ಮಪ್ಪ. ಸಂತೆಗೆ ಹೋಗುವ ದಾರಿಯಲ್ಲಿ ಬೇವಿನ ಗಿಡದ ಕೆಳಗೆ ಕೂತು ಚಪ್ಪಲಿ ಹೊಲಿಯುವುದು ಅವನ ಕಸುಬು. ಊರಿನ ಮಂದಿಯನ್ನು ಮುಖಕ್ಕಿಂತ ಕಾಲಿನಿಂದಲೇ ಹೆಚ್ಚು ಗುರುತು ಹಿಡಿಯುತ್ತಿದ್ದ. ಯಾರ ಅಂಗಾಲಿನಲ್ಲಿ ಆಣಿ ಇದೆ, ಯಾರ ಎಡಗಾಲು ಬಲಗಾಲಿಗಿಂತ ಅರ್ಧ ಬೆರಳು ದೊಡ್ಡದು, ಎಲ್ಲ ಅವನಿಗೆ ಬಾಯಿಪಾಠ. ಕುರ್ಚಿಯ ಮೇಲೆ ಕೂರುವ ಹನ್ನೆರಡು ಮಂದಿಯಲ್ಲಿ ಏಳೆಂಟು ಮಂದಿ ಅವನು ಹೊಲಿದ ಚಪ್ಪಲಿಯನ್ನೇ ಬಾಗಿಲಲ್ಲಿ ಬಿಟ್ಟು ಒಳಗೆ ಬರುತ್ತಿದ್ದರು. ಆ ಗುರುವಾರ ಮಧ್ಯಾಹ್ನವೇ ಅವನು ಕೆಲಸ ಎತ್ತಿಟ್ಟು, ಶಾಲೆಯಿಂದ ಕುರ್ಚಿಗಳನ್ನು ಹೊತ್ತು ತಂದು, ಚರ್ಚಿನ ಹಿಂದೆ ಮೂರು ಕಲ್ಲು ಹೂಡಿ ನೀರನ್ನು ಉಗುರುಬೆಚ್ಚಗೆ ಮಾಡಿ, ಹಿತ್ತಾಳೆ ಬೋಗುಣಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಪಾಸ್ಟರರ ಮಗ್ಗುಲಿಗೆ ನಿಲ್ಲುತ್ತಿದ್ದ. ತಂಬಿಗೆಯಿಂದ ಅವನು ನೀರು ಹಾಕುವನು, ಪಾಸ್ಟರರು ಕೈಯಾಡಿಸುವರು. ನಾನು ಹುಟ್ಟುವ ಮೊದಲಿನಿಂದಲೂ ಹೀಗೇ ನಡೆದಿತ್ತು. ಆ ಕುರ್ಚಿಯಲ್ಲಿ ಅವನು ಒಂದು ಸಲವೂ ಕೂತಿರಲಿಲ್ಲ.

ಕೂರುವ ಆಸೆ ಮಾತ್ರ ಇತ್ತು. ಪ್ರತಿ ವರ್ಷ ಆ ದಿನ ಬೆಳಿಗ್ಗೆ ಅವನೂ ಬಚ್ಚಲಲ್ಲಿ ಕೂತು ತೆಂಗಿನ ನಾರಿನಿಂದ ಹಿಮ್ಮಡಿ ತಿಕ್ಕಿಕೊಳ್ಳುತ್ತಿದ್ದ. ಯಾತಕ್ಕೆ ಎಂದು ಅವ್ವ ಕೇಳಿದರೆ ಸುಮ್ಮನೆ ನಗುವನು. ಯಾರಾದರೂ ಬರದೆ ಹೋದರೆ, ಪಾಸ್ಟರರು ತನ್ನನ್ನು ಕರೆದರೆ, ಎಂಬ ಆಸೆ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಧೈರ್ಯ ಮಾಡಿ ಆ ಹಿರಿಯರ ಮನೆಗೇ ಹೋಗಿ ಕೇಳಿದ. ನಾನೂ ಅವನ ಹಿಂದೆ ನಿಂತಿದ್ದೆ. ಹಿರಿಯರು ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು, ತಲೆ ಎತ್ತಲಿಲ್ಲ.

"ನಿನ್ನ ಕಾಲಿಗೆ ತೊಗಲಿನ ವಾಸನಿ ಹತ್ಯದ. ಅದನ್ನ ತೊಳದ ಕೈಲೆ ಪಾಸ್ಟರರು ಆಮ್ಯಾಲ ಪ್ರಭುಭೋಜನದ ರೊಟ್ಟಿ ಹೆಂಗ ಮುರೀಬೇಕು?"

ಅಪ್ಪ ಹೌದು ಎನ್ನುವಂತೆ ತಲೆಯಾಡಿಸಿ ವಾಪಸು ಬಂದ. ಅವತ್ತು ನನಗೆ ಉತ್ತರ ತಿಳಿದಿರಲಿಲ್ಲ. ಈಗ ತಿಳಿದಿದೆ, ಹೇಳುತ್ತೇನೆ. ಯೇಸು ತೊಳೆದ ಆ ಕಾಲುಗಳಲ್ಲಿ ಮೀನು ಹಿಡಿಯುವವರ ಕಾಲುಗಳಿದ್ದವು. ಅವಕ್ಕೆ ವಾಸನೆ ಇರಲಿಲ್ಲವೇ? ಅಲ್ಲಿ ಪಟ್ಟಿ ಓದಿದವರು ಯಾರು? ತನ್ನನ್ನು ವೈರಿಗಳಿಗೆ ಹಿಡಿದು ಕೊಡುವ ಶಿಷ್ಯನೂ ಅದೇ ಪಂಕ್ತಿಯಲ್ಲಿ ಕೂತಿದ್ದಾನೆಂದು ಗೊತ್ತಿದ್ದೂ ಅವನ ಕಾಲನ್ನೂ ಬಿಡದೆ ತೊಳೆದನಲ್ಲ, ನಮ್ಮಪ್ಪ ಆ ದ್ರೋಹಿಗಿಂತ ಕಡೆಯಾದನೇ? ಅಪ್ಪನಿಗೆ ತೊಗಲು ಮಾರುತ್ತಿದ್ದ ಸಾಹೇಬರು ಈ ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕರು. ತಮ್ಮಲ್ಲಿ ನಮಾಜಿಗೆ ಮೊದಲು ಎಲ್ಲರೂ ತಮ್ಮ ತಮ್ಮ ಕಾಲು ತಾವೇ ತೊಳೆಯುತ್ತಾರೆ, ಅದಕ್ಕೆ ಪಟ್ಟಿಗಿಟ್ಟಿ ಏನೂ ಬೇಕಿಲ್ಲ ಎಂದರು. ಅಪ್ಪನೂ ನಕ್ಕ. ನನಗೆ ನಗು ಬರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ರಾಯಚೂರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದೆ. ಒಂದು ವರ್ಷ ಆ ಗುರುವಾರಕ್ಕೆ ರಜೆ ಸಿಕ್ಕಿ ಊರಿಗೆ ಬಂದೆ. ಸಂಜೆ ಚರ್ಚಿಗೆ ಹೋಗಿ ಹೆಂಗಸರ ಸಾಲಿನಲ್ಲಿ ಕೂತೆ. ಮುಂದೆ ಹನ್ನೆರಡು ಕುರ್ಚಿಗಳಿದ್ದವು, ಆದರೆ ಹನ್ನೊಂದೇ ಮಂದಿ. ಪೌಡರಿನ ಮಾಸ್ತರರಿಗೆ ಜ್ವರವಂತೆ, ಬಂದಿರಲಿಲ್ಲ. ಕೊನೆಯ ಕುರ್ಚಿ ಖಾಲಿ ಉಳಿದಿತ್ತು. ಅಪ್ಪನ ಕಡೆ ನೋಡಿದೆ. ತಂಬಿಗೆ ಹಿಡಿದು ನಿಂತಿದ್ದ ಅವನೂ ಆ ಕುರ್ಚಿಯನ್ನೇ ನೋಡುತ್ತಿದ್ದ.

ಪಾಸ್ಟರರು ಹನ್ನೊಂದು ಮಂದಿಯ ಕಾಲು ತೊಳೆದು ಬಂದರು. ಖಾಲಿ ಕುರ್ಚಿಯ ಮುಂದೆ ನಿಂತು ಒಂದು ಗಳಿಗೆ ಸುತ್ತ ನೋಡಿದರು. ಅಪ್ಪ ತಂಬಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟ. ಇಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಹಿರಿಯರು ಗಂಡಸರ ಸಾಲಿನ ಕಡೆ ಕೈ ಬೀಸಿ ತಮ್ಮ ಅಳಿಯನನ್ನು ಕರೆದರು. ರಾಯಚೂರಿನಿಂದ ಹಬ್ಬಕ್ಕೆ ಬಂದ ಮನುಷ್ಯ, ನಮ್ಮ ಸಭೆಗೆ ಸೇರಿದವನೂ ಅಲ್ಲ. ಬಂದು ಕೂತ. ಬೂಟು ಬಾಗಿಲಲ್ಲಿ ಬಿಟ್ಟಿದ್ದರೂ ಕಾಲುಚೀಲ ಬಿಚ್ಚಿರಲಿಲ್ಲ, ಅಲ್ಲೇ ಬಗ್ಗಿ ಬಿಚ್ಚಿಕೊಂಡ. ಅಪ್ಪ ಬಗ್ಗಿ ತಂಬಿಗೆಯನ್ನು ಮತ್ತೆ ಎತ್ತಿಕೊಂಡ.

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತೆ. ಆರಾಧನೆಯ ನಡುವೆ ಹೆಣ್ಣುಮಗಳು ಎದ್ದು ಮಾತಾಡುವುದು ನಮ್ಮಲ್ಲಿ ಯಾರೂ ಕಂಡದ್ದಲ್ಲ.

"ಆ ಕುರ್ಚಿ ನಮ್ಮಪ್ಪಗ ಕೊಡ್ರಿ. ಇಪ್ಪತ್ತು ವರ್ಷದಿಂದ ಕಾಯಾಕತ್ಯಾನ."

ಪಾಸ್ಟರರು ಬೋಗುಣಿ ನೋಡುತ್ತ ನಿಂತರು. ಇದು ಆರಾಧನೆ, ಜಗಳದ ಜಾಗವಲ್ಲ ಎಂದು ಹಿರಿಯರು ಗದರಿದರು. ಅಪ್ಪ ಮಾತ್ರ ನನ್ನ ಕಡೆ ತಿರುಗಿ, ಕೂರು ಎಂದು ಕಣ್ಣಲ್ಲೇ ಬೇಡಿಕೊಂಡ. ಕೂತೆ. ಕೂತದ್ದಕ್ಕೆ ನನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅಪ್ಪ ಆ ಅಳಿಯನ ಕಾಲಿಗೆ ನೀರು ಹಾಕಿದ, ಒರೆಸಲು ಟವೆಲ್ಲು ಕೊಟ್ಟ. ಆಮೇಲೆ ಪ್ರಸಂಗದಲ್ಲಿ ಪಾಸ್ಟರರು ಅಪ್ಪನ ಕಡೆಗೇ ಕೈ ತೋರಿಸಿ, ದೀನತೆ ಅಂದರೆ ಹೀಗಿರಬೇಕು, ಈ ಸಹೋದರನಿಂದ ಎಲ್ಲರೂ ಕಲಿಯಬೇಕು ಎಂದರು. ಎಂಥ ಮಾತು! ಕಲಿಯಬೇಕಾಗಿದ್ದವರು ಕುರ್ಚಿಯ ಮೇಲೆ ಹಾಯಾಗಿ ಕಾಲು ಚಾಚಿ ಕೂತಿದ್ದರು. ತಗ್ಗಿಸಿಕೊಳ್ಳಿರಿ ಎಂಬ ಬೋಧನೆಯನ್ನು ಮೊದಲೇ ನೆಲದ ಮೇಲಿದ್ದವನಿಗೆ ಮಾಡುವವರನ್ನು ನಾನು ಆಮೇಲೆ ಬಹಳ ಕಡೆ ಕಂಡೆ, ಯಾರನ್ನೂ ಕ್ಷಮಿಸಲು ನನ್ನಿಂದ ಆಗಿಲ್ಲ. ಕ್ಷಮಿಸಬೇಕೆಂದೂ ಅದೇ ಪುಸ್ತಕದಲ್ಲಿದೆ, ಗೊತ್ತು.

ಮನೆಗೆ ಬರುವ ದಾರಿಯಲ್ಲಿ ಬಾಯಿಗೆ ಬಂದದ್ದೆಲ್ಲ ಬೈದೆ. ಅಪ್ಪ ಕುರ್ಚಿಗಳನ್ನು ಶಾಲೆಗೆ ಮುಟ್ಟಿಸಿ ಬಂದು ದಣಿದಿದ್ದ. ಆ ಅಳಿಯನ ಕಿರುಬೆರಳಿಗೆ ಆಣಿ ಆಗಿದೆ, ಬೂಟು ಬಿಗಿಯಾಗಿರಬೇಕು, ಪಾಪ ಎಂದ. ಪಾಪವಂತೆ! ಒಂದು ಸಲವಾದರೂ ಸಿಟ್ಟು ಬರುವುದಿಲ್ಲವೇ ನಿನಗೆ ಎಂದು ಅವನ ಮೇಲೇ ಹಾರಿಬಿದ್ದೆ.

"ನನಗೂ ಕುಂದ್ರಬೇಕಂತ ಭಾಳ ಇತ್ತು ಬೇ," ಎಂದ. ಅಷ್ಟೇ. ಮುಂದಿನ ವರ್ಷ ಅವನು ಬಚ್ಚಲಲ್ಲಿ ಹಿಮ್ಮಡಿ ತಿಕ್ಕಿಕೊಳ್ಳಲಿಲ್ಲವೆಂದು ಅವ್ವ ಆಮೇಲೆ ಹೇಳಿದಳು. ನೀರು ಮಾತ್ರ ಕಾಯಿಸಿ ಕೊಟ್ಟನಂತೆ.

ಇಷ್ಟು ಹೇಳಿದ ಮೇಲೆ ನನ್ನದೂ ಒಂದು ಹೇಳಬೇಕು, ಇಲ್ಲದಿದ್ದರೆ ನಾನೂ ಪೌಡರು ಬಳಿದುಕೊಂಡು ಕೂತ ಹಾಗೆ. ಆ ಗುರುವಾರಕ್ಕೆ ನಾಲ್ಕೈದು ತಿಂಗಳ ಹಿಂದೆ ಅಪ್ಪ ನನಗೆಂದು ಹೊಸ ಚಪ್ಪಲಿ ಹೊಲಿದು, ಬಸ್ಸು ಹತ್ತಿ ರಾಯಚೂರಿನ ನಮ್ಮ ಹಾಸ್ಟೆಲಿಗೆ ಬಂದಿದ್ದ. ಬರಿಗಾಲಲ್ಲಿ ಬಂದಿದ್ದ. ಮಂದಿಗೆ ಚಪ್ಪಲಿ ಹೊಲಿಯುವವನು ತನಗೆ ಹೊಲಿದುಕೊಂಡದ್ದು ನಾನು ಕಂಡಿಲ್ಲ. ಬಿರಿದ ಹಿಮ್ಮಡಿ, ತೊಗಲಿನ ಬಣ್ಣ ಹತ್ತಿ ಕಪ್ಪಾದ ಬೆರಳು. ನನ್ನ ಗೆಳತಿಯರು ವರಾಂಡದಲ್ಲೇ ಕೂತಿದ್ದರು. ನಾನು ಓಡಿ ಹೋಗಿ ಅವನನ್ನು ಗೇಟಿನಲ್ಲೇ ತಡೆದೆ.

"ಒಳಗ ಬರಬ್ಯಾಡಪ್ಪ, ಈಗ ನೆಲ ಒರೆಸ್ಯಾರ," ಎಂದೆ.

ಯಾರೂ ನೆಲ ಒರೆಸಿರಲಿಲ್ಲ. ಅವನು ಚಪ್ಪಲಿಯ ಪೊಟ್ಟಣ ಕೈಗೆ ಕೊಟ್ಟು, ಅಳತೆ ಸರಿಯಾಯಿತೇ ನೋಡು ಎಂದು ಹೇಳಿ ಹೋದ. ಅಳತೆ ಸರಿಯಾಗಿಯೇ ಇತ್ತು.

ಎಂಬತ್ತರ ದಶಕದಲ್ಲಿ ನನಗೆ ಮಾನ್ವಿಯಲ್ಲಿ ನರ್ಸಿನ ಕೆಲಸ ಸಿಕ್ಕಿತು. ದಿನವೂ ಎಂಥೆಂಥವರದೋ ಕಾಲು ತೊಳೆದು ಪಟ್ಟಿ ಕಟ್ಟುತ್ತಿದ್ದೆ, ಅದಕ್ಕೇ ನನಗೆ ಸಂಬಳ. ಒಂದು ಬೇಸಿಗೆಯಲ್ಲಿ ಅಪ್ಪ ತೊಗಲು ಚುಚ್ಚುವ ಆರಿಯ ಮೇಲೆ ಕಾಲಿಟ್ಟು, ಗಾಯಕ್ಕೆ ಕೀವು ತುಂಬಿತು; ಅವ್ವ ಅವನನ್ನು ಬಲವಂತದಿಂದ ಬಸ್ಸು ಹತ್ತಿಸಿ ನನ್ನ ಕೋಣೆಗೆ ಕಳಿಸಿದಳು. ಒಳಗೆ ಕರೆತಂದೆ. ಇದ್ದ ಒಂದೇ ಕುರ್ಚಿಯ ಮೇಲೆ ಕೂರಿಸಿದೆ. ಸ್ಟೋವಿನ ಮೇಲೆ ನೀರು ಕಾಯಿಸಿ, ಔಷಧಿ ಹಾಕಿ, ಬೋಗುಣಿ ತಂದು ಅವನ ಮುಂದೆ ನೆಲದ ಮೇಲೆ ಕೂತೆ. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಆ ಹಿರಿಯರು, ಆ ಪಾಸ್ಟರರು ಬಂದು ಒಂದು ಸಲ ನೋಡಲಿ ಎನಿಸಿತ್ತು.

ನಾನು ಕೈ ಚಾಚಿದೆ. ಅಪ್ಪ ಎರಡೂ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು ನಿಂತ.

"ತಡಿ ಬೇ. ಮೊದಲ ಹೊರಗ ಹೋಗಿ ತೊಳ್ಕೊಂಡು ಬರ್ತೀನಿ. ನಿನ್ನ ನೆಲ ಹೊಲಸಾಗ್ತದ."

ಕೀವು ತುಂಬಿದ ಕಾಲನ್ನು ಎಳೆದುಕೊಂಡು ಬಾಗಿಲು ದಾಟಿ ನಳದ ಕಡೆ ನಡೆದ. ವಾಸನೆಯ ಮಾತು ಆಡಿದವರು ಸಭೆಯ ಹಿರಿಯರು. ನೆಲದ ಮಾತು ಆಡಿದವಳು ನಾನು. ಓಡಿ ಹೋಗಿ ಅವನ ರಟ್ಟೆ ಹಿಡಿದು ವಾಪಸು ಕರೆತಂದು ಕೂರಿಸುವಷ್ಟರಲ್ಲಿ ಬೋಗುಣಿಯ ನೀರು ಆರಿತ್ತು, ಮತ್ತೆ ಕಾಯಿಸಬೇಕಾಯಿತು.