ಭೂಗೋಳದ ಮೇಲೆ ನಮ್ಮೂರಿನ ಮಂಜು

ಭೂಗೋಳ ಕಲಿಸಿ ಅನ್ನ ತಿಂದವಳು ನಾನು. ಆದರೂ ಊಟಿ ಬಸ್ ನಿಲ್ದಾಣದಲ್ಲಿ ಯಾರಾದರೂ ಉತ್ತರ ಯಾವ ಕಡೆ ಎಂದು ಕೇಳಿದರೆ ಕೈಚೀಲದಲ್ಲಿ ಏನೋ ಹುಡುಕುವವಳಂತೆ ನಟಿಸುತ್ತೇನೆ. ಊಟಿ ಪಕ್ಕದ ಸೋಲೂರಿನ ಹತ್ತಿರದ ನಮ್ಮ ಶಾಲೆಯಲ್ಲಿ ಗಿರಗಿರ ತಿರುಗುವ ಒಂದು ಹಳೆಯ ರಟ್ಟಿನ ಭೂಗೋಳವಿತ್ತು. ನಮ್ಮ ಕಡೆ ಊರಿಗೆ ಹಟ್ಟಿ ಎನ್ನುತ್ತೇವೆ; 'ನಮ್ಮ ಹಟ್ಟಿ ಎಲ್ಲಿ?' ಎಂದು ಮಕ್ಕಳೆಲ್ಲ ಬೆರಳಿಟ್ಟೂ ಇಟ್ಟೂ ನೀಲಗಿರಿ ಇರಬೇಕಾದಲ್ಲಿ ಬಣ್ಣವೇ ಹೋಗಿ ಬೆಳ್ಳಗಾಗಿತ್ತು. ಹಿಂದಿನ ನಕ್ಷೆಗಾರರು ಗೊತ್ತಿಲ್ಲದ ನಾಡನ್ನು ಬಿಳಿಯಾಗಿ ಬಿಡುತ್ತಿದ್ದರಂತೆ. ನಮ್ಮದು ತೀರಾ ಗೊತ್ತಿದ್ದೇ ಬಿಳಿಯಾದದ್ದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಶಾಲೆಯ ಆಫೀಸಿನ ಕಂಪ್ಯೂಟರಿಗೆ ಇಂಟರ್ನೆಟ್ ಬಂತು. ಅದರೊಳಗೊಂದು ಭೂಮಿ ತಿರುಗುತ್ತಿತ್ತು. ಮೌಸ್ ಒತ್ತಿದರೆ ಆಕಾಶದಿಂದ ಇಳಿದು ಯಾರದೋ ಮನೆಯ ಮಾಡನ್ನೇ ತೋರಿಸುತ್ತಿತ್ತು. ನನಗೆ ಹುಚ್ಚು ಹಿಡಿಯಿತು. ಏಳನೇ ಕ್ಲಾಸಿಗೆ ವಾರಕ್ಕೊಂದು ಪೀರಿಯಡ್ ಅದು ಬೇಕೇಬೇಕೆಂದು ಹೆಡ್‌ಮಿಸ್ಟ್ರೆಸ್ ಗಿರಿಜಾ ಮೇಡಂ ಹಿಂದೆ ಬಿದ್ದೆ. ಅವರಿಗೋ ಕಂಪ್ಯೂಟರಿನ ಹೊದಿಕೆ ತೆಗೆಯುವುದೇ ಇಷ್ಟವಿಲ್ಲ. ಒಂದು ಸಲ ನೋಡುತ್ತೇನೆ, ಉಪಯೋಗವಿಲ್ಲ ಅನ್ನಿಸಿದರೆ ಮತ್ತೆ ಕೇಳಕೂಡದು ಎಂದು ಕರಾರು ಹಾಕಿ ಬಾಗಿಲಲ್ಲೇ ನಿಂತರು.

ಪಿರಮಿಡ್ಡು ಕಂಡಿತು, ಲಂಡನ್ನಿನ ಸೇತುವೆ ಕಂಡಿತು. ಈಗ ನಮ್ಮ ಹಟ್ಟಿ ಎಂದು ಜಂಬದಿಂದ ಇಳಿಸಿದೆ. ಸಮುದ್ರ ಬಂತು, ಗೂಡಲೂರಿನ ಘಾಟಿ ಬಂತು, ಆಮೇಲೆ ಬರೀ ಬಿಳಿ. ಉಪಗ್ರಹ ಫೋಟೋ ತೆಗೆದ ದಿನ ನಮ್ಮ ಬೆಟ್ಟಕ್ಕೆ ಮಂಜು ಕವಿದಿತ್ತು! ಪೀರಿಯಡ್ ಕೈತಪ್ಪಿತೆಂದೇ ಅಂದುಕೊಂಡೆ. ಮಕ್ಕಳು ಮಾತ್ರ ಒಂಚೂರೂ ಪೇಚಾಡದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ನಮ್ಮಲ್ಲಿ ಮಂಜು ಇಳಿದರೆ ಬಸ್ಸು ನಿಲ್ಲುತ್ತದೆ, ಟೀ ಎಲೆ ಕೊಯ್ಯುವವರು ಕೂರುತ್ತಾರೆ, ಆಟದ ಚೆಂಡು ಬಿದ್ದಲ್ಲೇ ಬಿದ್ದಿರುತ್ತದೆ. ಯಾರೂ ಗೊಣಗುವುದಿಲ್ಲ.

"ಬಿಡುತ್ತೆ ಟೀಚರ್, ಸ್ವಲ್ಪ ಕಾಯೋಣ" ಎಂದಳು ಮುಂದೆ ಕೂತಿದ್ದ ಮಾದಿ.

ತಿರುಗಿ ನೋಡುತ್ತೇನೆ, ಗಿರಿಜಾ ಮೇಡಂ ಕೂಡ ಕುರ್ಚಿ ಎಳೆದು ಶಾಲು ಹೊದ್ದು ಕೂತಿದ್ದಾರೆ. ಇದು ಎಂದೋ ತೆಗೆದ ಚಿತ್ರ, ಹೊಸ ಚಿತ್ರ ಹಾಕುವ ತನಕ ಹೀಗೇ ಇರುತ್ತದೆ ಎಂದು ತೊದಲಿದೆ. ಅವರಿಗೆ ಸಿಟ್ಟು ಬಂತು, ಪುಣ್ಯಕ್ಕೆ ನನ್ನ ಮೇಲಲ್ಲ.

"ತೆಗೆದೋನು ಒಂದು ಟೀ ಕುಡಿಯೋಷ್ಟು ಹೊತ್ತು ಕಾಯಬಾರದಿತ್ತಾ? ಹೋಗಲಿ, ಮಂಜು ಬಿಡೋವರೆಗೂ ವಾರಕ್ಕೊಂದು ಪೀರಿಯಡ್ ತಗೊಳ್ಳಿ."

ಅಂದಿನಿಂದ ಪ್ರತಿ ವಾರ ಮೊದಲು ನಮ್ಮ ಹಟ್ಟಿಯ ಮಂಜಿಗೆ ಹೋಗಿ ವಿಚಾರಿಸಿಕೊಂಡು ಬರುವುದು, ಬಿಟ್ಟಿಲ್ಲವೆಂದರೆ ಹೊತ್ತು ಕಳೆಯಲು ಸಹಾರಾ, ಅಮೆಜಾನ್, ಜಪಾನು ಸುತ್ತುವುದು. ಹೀಗೆ ಕಾಯುತ್ತಾ ಕಾಯುತ್ತಾ ಇಡೀ ಪ್ರಪಂಚ ಪಾಠವಾಗಿಹೋಯಿತು. ಮಂಜು ಕರಗದಿರಲಿ ದೇವರೇ ಎಂದು ಬೇಡಿಕೊಂಡ ಭೂಗೋಳದ ಟೀಚರ್ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಮರುವರ್ಷ ಒಂದು ದಿನ ಅದು ಬಿಟ್ಟೇಬಿಟ್ಟಿತು. ಸಾಲುಮನೆ, ಟೀ ತೋಟ, ಶಾಲೆಯ ತಗಡಿನ ಮಾಡು, ಎಲ್ಲ ನಿಚ್ಚಳ. ಮಕ್ಕಳು ಕುಣಿದಾಡಿದರು, ನನ್ನ ಮುಖ ಸಣ್ಣದಾಯಿತು. ಗದ್ದಲ ಕೇಳಿ ಬಂದ ಗಿರಿಜಾ ಮೇಡಂ ಶಾಲೆಯ ಮಾಡನ್ನು ಬಹಳ ಹೊತ್ತು ನೋಡಿದರು. ಆಮೇಲೆ, ತಮ್ಮ ತವರು ಹಟ್ಟಿಯನ್ನೂ ಒಮ್ಮೆ ತೋರಿಸಿ ಎಂದರು. ಬೆಟ್ಟ ದಾಟಿಸಿ ಕರೆದೊಯ್ದೆ. ಅಲ್ಲಿ ಬರೀ ಬಿಳಿ.

ಮೇಡಂ ಕುರ್ಚಿ ಎಳೆದು, ಶಾಲು ಸರಿಮಾಡಿಕೊಂಡು ಕೂತರು.

"ಕಾಯೋಣ" ಎಂದರು.