ಅಕ್ಕ ಕೇಳಿದ ಪ್ರಶ್ನೆ

ಅಕ್ಕಾ, ಅವತ್ತು ಹೊಸಪೇಟೆಯ ಹೋಟೆಲಿನ ಹಾಲ್‌ನಲ್ಲಿ ಎಲ್ಲರೆದುರು ನಿನ್ನನ್ನು ನಗೆಪಾಟಲು ಮಾಡಿದೆನಲ್ಲ — ಲಾಭ ಕೊಡುತ್ತೇವೆಂದು ಹಣ ಕಟ್ಟಿಸಿಕೊಳ್ಳುತ್ತಿದ್ದ ಆ ಫಂಡು ಸುಳ್ಳೆಂದು ನನಗೆ ಆಗಲೇ ಗೊತ್ತಾಗಿತ್ತು. ಪೂರ್ತಿ ಗೊತ್ತಿರಲಿಲ್ಲ ಎಂದು ಬರೆಯಹೊರಟೆ, ಹೊಡೆದುಹಾಕಿದೆ. ಗೊತ್ತಾಗಿತ್ತು. ಇಷ್ಟು ವರ್ಷ ನಾವಿಬ್ಬರೂ ಒಟ್ಟಿಗೇ ಮೋಸಹೋದೆವು ಎಂದು ನಿನ್ನ ಜೊತೆ ಕೂತು ಅತ್ತಿದ್ದೇನೆ. ಮೋಸಹೋದವಳು ನೀನೊಬ್ಬಳೇ.

ನನಗೆ ಮಾತು ಚೆನ್ನಾಗಿ ಬರುತ್ತದೆ, ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ಕುರೆಕುಪ್ಪದ ನನ್ನ ಹೊಲಿಗೆ ಅಂಗಡಿಗೆ ಒಂದು ರವಿಕೆ ಹೊಲಿಸಲು ಬಂದವರು ಮೂರು ಬಟ್ಟೆ ಕೊಟ್ಟು ಹೋಗುತ್ತಾರೆ. ಫಂಡಿನವರು ಹುಡುಕುತ್ತಿದ್ದದ್ದೂ ಇಂಥವಳನ್ನೇ. ಮೊದಲು ನನ್ನಿಂದ ಸ್ವಲ್ಪ ಹಣ ಹಾಕಿಸಿದರು. ತಿಂಗಳು ತಿಂಗಳು ಲಾಭ ತಪ್ಪದೆ ಖಾತೆಗೆ ಬಂತು. ಆಮೇಲೆ ಎಸಿ ಬಸ್ಸಿನಲ್ಲಿ ಹಂಪಿಗೆ ಕರೆದೊಯ್ದು, ಊಟ ಹಾಕಿಸಿ, ಬಜಾರಿನಲ್ಲಿ ಫೋಟೊ ತೆಗೆಸಿದರು. ಚಿಕ್ಕಂದಿನಿಂದ ನೋಡಿದ್ದ ಹಂಪಿ, ಅವತ್ತು ನನಗೋಸ್ಕರವೇ ಕಟ್ಟಿಸಿದ ಹಾಗಿತ್ತು. ಆ ಬಳಿಕ ನಮ್ಮ ಹೆಂಗಸರಿಂದ ಹಣ ಹಾಕಿಸುವ ಕೆಲಸ ನನ್ನದಾಯಿತು, ಹಾಕಿಸಿದ್ದಕ್ಕೆಲ್ಲ ಕಮಿಷನ್.

ಜನ ಇಂಥದಕ್ಕೆ ಹೇಗೆ ಬೀಳುತ್ತಾರೋ ಎಂದು ಈಗ ಎಲ್ಲರೂ ಕೇಳುತ್ತಾರೆ. ದುರಾಸೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ, ಒಳಗಿದ್ದು ನೋಡಿದವಳು ನಾನು. ಫಂಡಿನ ಪರವಾಗಿ ಭಾಷಣ ಮಾಡಲು ಬರುತ್ತಿದ್ದ ಆ ಕೋಟಿನವನನ್ನು ನಮ್ಮ ಹೆಂಗಸರು ನಂಬಲೇ ಇಲ್ಲ. ಅವರು ನಂಬಿದ್ದು ನನ್ನನ್ನು. ಒಬ್ಬರ ಮನೆಯ ಮಾತು ಇನ್ನೊಬ್ಬರಿಗೆ ಹೇಳದವಳು ದುಡ್ಡಿನ ವಿಷಯದಲ್ಲಿ ಸುಳ್ಳು ಹೇಳುತ್ತಾಳೆಯೇ? ಅನುಮಾನ ಬಂದವರೂ ಇದ್ದರು. ಕೇಳಿದರೆ ನಾನು ಬೇಜಾರಾದೇನೆಂದು ಸುಮ್ಮನಾದರು. ದಾಕ್ಷಿಣ್ಯ ಅಕ್ಕಾ — ನಮ್ಮವರು ಹಣ ಕಳೆದುಕೊಂಡದ್ದು ಬಹುಪಾಲು ದಾಕ್ಷಿಣ್ಯಕ್ಕೆ.

ಆ ದಾಕ್ಷಿಣ್ಯ ಇಲ್ಲದವಳು ನೀನೊಬ್ಬಳೇ. ಅವತ್ತು ಫಂಡಿನ ಸಭೆ, ಹಾಲ್ ತುಂಬ ಜನ, ವೇದಿಕೆ ಮೇಲೆ ಸನ್ಮಾನದ ಶಾಲು ಹೊದ್ದು ನಾನು. ಕಾರ್ಖಾನೆ ಕ್ಯಾಂಟೀನಿನಲ್ಲಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ ನೀನು ಹಿಂದಿನ ಸಾಲಿನಿಂದ ಎದ್ದು ಕೇಳಿದೆ:

“ಅಲ್ರೀ ಸರ, ನಮ್ಮ ರೊಕ್ಕ ತಗೊಂಡು ನೀವು ಏನ್ ಕೆಲಸ ಮಾಡ್ತೀರಿ? ಲಾಭ ಎಲ್ಲಿಂದ ಬರ್ತೈತಿ?”

ಕೋಟಿನವನು ನೀರು ಕುಡಿದ. ಆಮೇಲೆ ನನ್ನ ಮುಖ ನೋಡಿದ. ಅವನಲ್ಲಿ ಉತ್ತರವಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಎದ್ದು ಕೆಳಗಿಳಿದು ನಿನ್ನ ಪಕ್ಕ ನಿಲ್ಲಬಹುದಿತ್ತು. ಆದರೆ ಅದುವರೆಗೆ ಅಷ್ಟು ದೊಡ್ಡ ಕುರ್ಚಿಯಲ್ಲಿ ನನ್ನನ್ನು ಯಾರೂ ಕೂರಿಸಿರಲಿಲ್ಲ, ಮೇಡಂ ಎಂದು ಯಾರೂ ಕರೆದಿರಲಿಲ್ಲ — ಮೈಕು ತೆಗೆದುಕೊಂಡೆ.

“ನಮ್ಮಕ್ಕ ಹಂಗರೀ ಸರ. ಬಸ್ ಹತ್ತಿದ್ರ ಡ್ರೈವರಗ ಗಾಡಿ ಹೊಡಿಯಾಕ ಬರ್ತೈತೇನು ಅಂತ ಕೇಳ್ತಾಳ.”

ಹಾಲ್ ಪೂರ್ತಿ ನಕ್ಕಿತು. ನೀನೂ ನಕ್ಕೆ, ಸೆರಗು ಸರಿಮಾಡಿಕೊಂಡು ಕೂತೆ. ಆಮೇಲೆ ಬೇರೆ ಯಾರೂ ಪ್ರಶ್ನೆ ಕೇಳಲಿಲ್ಲ.

ಮರುವಾರ ನೀನು ಅಂಗಡಿಗೆ ಬಂದೆ. ಹೊಸಪೇಟೆ ಬಸ್‌ಸ್ಟ್ಯಾಂಡ್ ಹತ್ತಿರ ರೊಟ್ಟಿ ಖಾನಾವಳಿ ತೆರೆಯಬೇಕೆಂದು ವರ್ಷಗಟ್ಟಲೆ ಕೂಡಿಟ್ಟಿದ್ದ ಹಣ ಕೈಯಲ್ಲಿತ್ತು. “ನಾನು ಎಲ್ಲಾರ ಮುಂದ ಹಂಗ ಕೇಳಬಾರದಿತ್ತು. ನಿನ್ನ ಮರ್ಯಾದಿ ಹೋತು” ಎಂದು ನನ್ನಲ್ಲಿ ಕ್ಷಮೆ ಕೇಳಿದೆ. ಬೇಡ ಅಕ್ಕಾ ಎಂಬ ಮಾತು ಬಾಯಿವರೆಗೆ ಬಂದಿತ್ತು… ಹಣ ತೆಗೆದುಕೊಂಡೆ. ನಿನ್ನ ಹಣದ ಮೇಲೆ ನನಗೆ ಕಮಿಷನ್ ಬಂತು, ಅದನ್ನೂ ತೆಗೆದುಕೊಂಡೆ. ಸ್ವಲ್ಪ ದಿನಕ್ಕೆ ಆಫೀಸಿಗೆ ಬೀಗ ಬಿತ್ತು, ಕೋಟಿನವನ ಫೋನು ಸತ್ತಿತು.

ನೀನು ಇವತ್ತಿಗೂ ಅದೇ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುತ್ತೀ. ನನಗೆ ಅದಕ್ಕಿಂತ ಹೆಚ್ಚು ಸುಡುವುದು ಬೇರೆ. ಕಂಡಕ್ಟರನನ್ನು, ಡಾಕ್ಟರನ್ನು, ಗುಡಿಯ ಪೂಜಾರಿಯನ್ನೂ ಬಿಡದೆ ಕೇಳುತ್ತಿದ್ದವಳು ನೀನು. ಮೊನ್ನೆ ನಿನ್ನ ಮಗಳನ್ನು ನೋಡಲು ಕಂಪ್ಲಿಯಿಂದ ಗಂಡಿನ ಕಡೆಯವರು ಬಂದಾಗ ಬಾಯಿ ಬಿಡಲಿಲ್ಲ. ನನ್ನನ್ನು ಒಳಗೆ ಕರೆದು, “ನೀನಽ ಕೇಳು. ನಂಗೇನ್ ತಿಳಿತೈತಿ” ಎಂದೆ. ನಿನ್ನ ಹಣ ತಿಂದವನು ಎಲ್ಲೋ ಇದ್ದಾನೆ. ನಿನ್ನ ಬಾಯಿ ಕಟ್ಟಿದವಳು ನಾನು.

ಕಮಿಷನ್ ಹಣ ಬೇರೆ ತೆಗೆದಿಟ್ಟಿದ್ದೇನೆ, ಭಾನುವಾರ ತರುತ್ತೇನೆ. ಉಳಿದದ್ದನ್ನೂ ಹೊಲಿದು ತೀರಿಸುತ್ತೇನೆ, ಅಷ್ಟು ಶಕ್ತಿ ನನಗಿದೆ. ಇದನ್ನೆಲ್ಲ ನಿನ್ನ ಮುಂದೆ ಕೂತು ಓದುತ್ತೇನೆ, ನಿನ್ನ ಮಗಳೂ ಕೇಳಲಿ. ಓದಿ ಮುಗಿಸಿದ ಮೇಲೆ ‘ಗೊತ್ತಿದ್ದೂ ಯಾಕ ನಗಿಸಿದಿ?’ ಎಂದು ನೀನು ಕೇಳಬೇಕು. ಕುರ್ಚಿಯ ಕತೆ ಹೇಳಿದೆನಲ್ಲ, ಅದು ನಿನಗೆ ಸಾಕಾಗುವುದಿಲ್ಲ, ನನಗೂ ಸಾಕಾಗಿಲ್ಲ. ಬೇರೆ ಉತ್ತರ ನನ್ನಲ್ಲಿಲ್ಲ. ಆದರೂ ಕೇಳು ಅಕ್ಕಾ. ಈ ಸಲ ನಾನು ನಗಿಸುವುದಿಲ್ಲ.