ಗಂಗವ್ವ ತೊಳೆದ ಟೀವಿ ಗೇಮ್

ನಮ್ಮ ಓಣಿಯ ಮನೆಗಳಲ್ಲಿ ಟೀವಿಗೆ ಬಣ್ಣ ಬಂದು ಇನ್ನೂ ಬಹಳ ದಿನ ಆಗಿರದ ಕಾಲವದು. ಬೆಳಗಾವಿಯಿಂದ ಗೋವಾಕ್ಕೆ ಹೋಗಿಬಂದವರ ಚೀಲದಲ್ಲಿ ಪರದೇಶದ ಸಾಮಾನು ಏನಾದರೂ ಇದ್ದೇ ಇರುತ್ತಿತ್ತು. ನನ್ನ ಸೋದರಮಾವ ಹಾಗೆ ನನಗೆಂದು ತಂದದ್ದು ಟೀವಿ ಗೇಮ್. ಬೂದು ಬಣ್ಣದ ಡಬ್ಬಿ, ಎರಡು ರಿಮೋಟ್, ಆರು ಕ್ಯಾಸೆಟ್. ಕ್ಯಾಸೆಟ್ ಹಾಕುವ ಮೊದಲು ಅದರ ಬಾಯಿಗೆ ಉಫ್ ಎಂದು ಊದಬೇಕು. ನೀವೂ ಊದಿದ್ದೀರಿ, ಇಲ್ಲವೆನ್ನಬೇಡಿ. ಡಬ್ಬಿ ಬಿಸಿಯಾದಾಗ ಏಳುತ್ತಿದ್ದ ಹೊಸ ಪ್ಲಾಸ್ಟಿಕ್ಕಿನ ವಾಸನೆಗೆ ನಮಗೆ ಹಸಿವೆಯೂ ಮರೆತುಹೋಗುತ್ತಿತ್ತು.

ಆರೂ ಆಟಗಳು ಜಪಾನಿನ ಒಂದೇ ಕಂಪನಿಯವು. ಆಟ ಶುರುವಾಗುವ ಮುಂಚೆ ಕಂಪನಿಯ ಹೆಸರು ಪರದೆಯ ಮೇಲೆ ಬರುತ್ತಿತ್ತು, ಆದರೆ ಒಂದೊಂದು ಕ್ಯಾಸೆಟ್ಟಿನಲ್ಲಿ ಒಂದೊಂದು ವೇಷ. ಕಾರಿನ ಆಟದಲ್ಲಿ ಕೆಂಪು ಅಕ್ಷರಗಳು ಎಡಗಡೆಯಿಂದ ಜಾರಿ ಬಂದು ಹೊಗೆ ಬಿಟ್ಟು ನಿಲ್ಲುತ್ತಿದ್ದವು. ಮೀನಿನ ಆಟದಲ್ಲಿ ಗುಳ್ಳೆಗಳ ಜತೆ ಕೆಳಗಿನಿಂದ ತೇಲಿ ಬರುತ್ತಿದ್ದವು. ಭೂತದ ಆಟದಲ್ಲಿ ಕತ್ತಲೆಯೊಳಗೆ ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ಕಚೇರಿಯವರು ಕಾಗದದ ಮೇಲೆ ಮುದ್ರೆ ಒತ್ತುತ್ತಾರಲ್ಲ, ಅದರ ಹೆಸರನ್ನೇ ನಾವು ಪರದೆಯ ಈ ಗುರುತಿಗೂ ಇಟ್ಟಿದ್ದೆವು: ಶಿಕ್ಕಾ.

ನಾವು ಅಂದರೆ ನಾನು ಮತ್ತು ಗಂಗವ್ವ. ಪಾರಿಶ್ವಾಡದಲ್ಲಿ ಹೊಲ ಮಾಡಿಕೊಂಡಿದ್ದ ಕಾಕಾನ ಮಗಳು, ನನಗಿಂತ ಒಂದು ವರ್ಷ ಸಣ್ಣವಳು. ಹೆಣ್ಣುಹುಡುಗಿಗೆ ಐದನೇ ಇಯತ್ತೆ ಸಾಕು ಎಂದಿದ್ದ ಕಾಕಾನ ಜತೆ ಜಗಳಾಡಿ ಅಪ್ಪ ಅವಳನ್ನು ನಮ್ಮ ಮನೆಗೆ ಕರೆತಂದಿದ್ದ. ಹತ್ತನೇ ಇಯತ್ತೆ ಮುಗಿಸಿಯೇ ಅವಳು ಊರಿಗೆ ಹೋಗುವುದೆಂದು ಮಾತಾಗಿತ್ತು. ಕಾಕಾ ಒಪ್ಪಿದ್ದ, ಆದರೆ ಹೊಸ್ತಿಲಲ್ಲಿ ನಿಂತು ಒಂದು ಮಾತು ಹೇಳಿಹೋಗಿದ್ದ.

"ಅಣ್ಣಾ, ನಿಮ್ಮ ಮನ್ಯಾಗಿಂದ ಒಂದ ತಕರಾರ ಬಂತಂದ್ರ ಸಾಲಿ ಬಂದ್. ಮತ್ತ ಕೇಳಾಕ ಬರಬ್ಯಾಡ."

ಅವ್ವನಿಗೆ ಅವಳು ಬಂದದ್ದು ಮೊದಲಿನಿಂದಲೂ ಇಷ್ಟವಿರಲಿಲ್ಲ. ನನಗೇನೂ ಬೇಸರವಿರಲಿಲ್ಲ. ನಾನು ಇಂಗ್ಲಿಷ್ ಶಾಲೆ, ಅವಳು ಕನ್ನಡ ಶಾಲೆ. ಪಾಪ, ಹಳ್ಳಿಯ ಹುಡುಗಿ ಎಂದು ಕನಿಕರಪಡುವುದು ಹಿತವಾಗಿಯೇ ಇತ್ತು. ಆ ಹಿತ ಕೆಡಿಸಿದ್ದು ಶಿಕ್ಕಾ.

ಕ್ಯಾಸೆಟ್ಟುಗಳ ಮೇಲಿನ ಚೀಟಿಗಳು ಕಿತ್ತುಹೋಗಿದ್ದವು. ಕಣ್ಣುಮುಚ್ಚಿ ಒಂದನ್ನು ತೆಗೆದು ಹಾಕಬೇಕು, ಪರದೆ ನೋಡಿ ಯಾವ ಆಟವೆಂದು ಮೊದಲು ಹೇಳಿದವರಿಗೆ ಮೊದಲ ರಿಮೋಟ್. ನಾನು ಅಕ್ಷರ ಓದುತ್ತ ಕೂತಿದ್ದರೆ ಗಂಗವ್ವ ಅರ್ಧ ಗೆರೆ ಮೂಡುವುದರೊಳಗೆ "ಮೀನಿಂದು" ಅನ್ನುತ್ತಿದ್ದಳು. ಒಮ್ಮೆಯೂ ತಪ್ಪಲಿಲ್ಲ. ಒಂದು ಮುಂಜಾನೆ ನೋಡಿದರೆ ಅಂಗಳದಲ್ಲಿ ಭೂತದ ಆಟದ ಶಿಕ್ಕಾ ರಂಗೋಲಿಯಾಗಿ ಕೂತಿದೆ. ಇಂಗ್ಲಿಷಿನ ಒಂದಕ್ಷರ ಬಾರದವಳು ಒಂದು ಬಾಗೂ ತಪ್ಪದಂತೆ ಬರೆದಿದ್ದಳು. ಅಪ್ಪ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎರಕಕ್ಕೆ ಬೇಕಾದ ಕಟ್ಟಿಗೆಯ ಅಚ್ಚು ಮಾಡುವವನು, ಗೆರೆಯ ಬೆಲೆ ಗೊತ್ತಿದ್ದವನು. ಸ್ಕೂಟರ್ ನಿಲ್ಲಿಸಿ ರಂಗೋಲಿಯನ್ನೇ ನೋಡಿದ.

"ಏನ ಕೈ ಐತಿ ಇಕೀದು. ಮುಂದ ಇಕೀನ್ನ ಡ್ರಾಯಿಂಗಿಗೆ ಹಾಕೂಣು."

ನನ್ನ ಯಾವ ಕೆಲಸ ನೋಡಿಯೂ ಅಪ್ಪ ಸ್ಕೂಟರ್ ನಿಲ್ಲಿಸಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಹುಡುಗಾಟಿಕೆ ಎಂದು ಅದನ್ನು ತೇಲಿಸಲಾರೆ, ಹನ್ನೆರಡು ವರ್ಷದವಳಿಗೆ ತಾನೇನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿರುತ್ತದೆ.

ದಸರೆಯ ನವಮಿ ಬಂತು. ನಮ್ಮ ಕಡೆ ಅಂದು ಖಂಡೆ ಪೂಜೆ. ದುಡಿದು ತಿನ್ನಿಸುವ ಸಾಮಾನೆಲ್ಲ ಜಳಕ ಮಾಡಿ ಕುಂಕುಮ ಹಚ್ಚಿಸಿಕೊಳ್ಳುವ ದಿನ. ಹಿಂದಿನ ಸಂಜೆ ಅಪ್ಪ ಸ್ಕೂಟರಿಗೆ ನೀರು ಹೊಡೆಯುತ್ತಿದ್ದ, ಅವ್ವ ಈಳಿಗೆ ಮಣೆ ತಿಕ್ಕುತ್ತಿದ್ದಳು. ಗಂಗವ್ವ ನನ್ನ ಬಳಿ ಬಂದಳು.

"ಅಕ್ಕಾ, ಟೀವಿ ಗೇಮಿಗೂ ಪೂಜಿ ಮಾಡಬೇಕೇನ?"

"ಮಾಡಬೇಕಲ್ಲ ಮತ್ತ. ಮೊದಲ ಶಿಕ್ಕಾ ಬರತೈತೆಲ್ಲ, ಅದ ಜಪಾನಿನವರ ದೇವರು. ಜಳಕಾ ಮಾಡಸಲಿಲ್ಲಂದ್ರ ನಾಳಿಂದ ಬರೂದಿಲ್ಲ."

"ನೀರ ಹಾಕಿದ್ರ ನಡೀತೈತಿ?"

"ಚಲೋತಂಗ ಹಾಕು. ಒಳಗ ಹೋಗಬೇಕು."

ಒಂದು ಹನಿಯೂ ತಾಗಬಾರದು ಎಂದು ಮಾವ ನನಗೆ ಹತ್ತು ಸಲ ಹೇಳಿದ್ದ. ಡಬ್ಬಿ ಕೆಟ್ಟರೆ ನನ್ನದೇ ಕೆಡುತ್ತದೆ ಎಂಬುದೂ ಹೊಳೆದಿತ್ತು. ಮಾವ ಇನ್ನೊಂದು ತರುತ್ತಾನೆ, ಅವಳಿಗೆ ಮಾತ್ರ ನಾಲ್ಕು ಏಟು ಬೀಳಲಿ ಎಂದುಕೊಂಡೆ.

ಮರುದಿನ ನಸುಕಿನಲ್ಲಿ ಅವಳು ಮಿಂದು, ಮಡಿಯುಟ್ಟು, ಡಬ್ಬಿಯನ್ನು ಹಿತ್ತಲಿನ ನಲ್ಲಿಯ ಬಳಿ ಇಟ್ಟು ಎರಡು ತಂಬಿಗೆ ನೀರು ಹುಯ್ದಳು. ಅಡುಗೆಮನೆಯ ಕಿಟಕಿಯಿಂದ ನಾನು ಎಲ್ಲವನ್ನೂ ನೋಡಿದೆ. ಮೇಲೆ ಮೇಲೆ ಒರೆಸಿ, ಮೂರು ಬೆರಳಿನಿಂದ ವಿಭೂತಿ ಎಳೆದು, ಚೆಂಡುಹೂವು ಇಟ್ಟು ಕೈಮುಗಿದಳು. ಎಷ್ಟು ಶ್ರದ್ಧೆಯಿಂದ ಮುಗಿದಳೆಂದರೆ ನನಗೆ ನಗು ತಡೆಯಲಾಗಲಿಲ್ಲ.

ಮಧ್ಯಾಹ್ನ ಹೋಳಿಗೆ ಉಂಡು ಅಪ್ಪ ಖುಷಿಯಲ್ಲಿದ್ದ. ವಿಭೂತಿ ಹಚ್ಚಿದ ಡಬ್ಬಿ ನೋಡಿ ನಕ್ಕು, "ಹಬ್ಬದ ದಿನಾ ಆಡ್ರಿ" ಎಂದು ತಾನೇ ಬಟನ್ ಒತ್ತಿದ. ಫಟ್ ಎಂದಿತು. ಡಬ್ಬಿಯಿಂದ ಹೊಗೆ ಬಂತು, ಹಿಂದೆಯೇ ಹೊಸ ಟೀವಿಯೂ ಕಪ್ಪಾಯಿತು. ಸುಟ್ಟ ವಯರಿನ ವಾಸನೆ ಹೋಳಿಗೆಯ ವಾಸನೆಯನ್ನು ನುಂಗಿತು. ಡಬ್ಬಿ ಎತ್ತಿದರೆ ಕೆಳಗೆ ನೀರು ಸೋರಿತು.

"ಯಾರ ತೊಳದವರು ಇದನ್ನ?" ಅಪ್ಪ ಕೇಳಿದ.

"ನಾನ ದೊಡ್ಡಪ್ಪಾ. ಅಕ್ಕ ಹೇಳಿದ್ಲು."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ದನಿ ಒಂದಿಷ್ಟೂ ನಡುಗಲಿಲ್ಲ.

"ಹಸಿ ಬಟ್ಟಿಲೆ ಒರಸು ಅಂದಿದ್ದೆ. ನೀರ ಸುರುವು ಅಂದಿದ್ನೇನ ಗಂಗವ್ವಾ? ನೆನಪ ಮಾಡ್ಕೊ."

ಅವಳು ನಿಜವಾಗಿಯೂ ನೆನಪು ಮಾಡಿಕೊಂಡಳು. ತಲೆ ತಗ್ಗಿಸಿ ಬಹಳ ಹೊತ್ತು ಯೋಚಿಸಿದಳು. ಇಂಗ್ಲಿಷ್ ಶಾಲೆಯ ಅಕ್ಕ ಸುಳ್ಳು ಹೇಳಬಹುದೆಂಬುದು ಅವಳ ಲೆಕ್ಕದಲ್ಲೇ ಇರಲಿಲ್ಲ. ಕೊನೆಗೆ, "ಹೂಂ ದೊಡ್ಡಪ್ಪಾ, ಒರಸು ಅಂತನ ಅಂದಿರಬೇಕು. ನನಗ ತಿಳೀಲಿಲ್ಲ," ಎಂದಳು.

ಅಪ್ಪ ಹೊಡೆಯಲಿಲ್ಲ. ಅವ್ವ ಹೊಡೆದಳು. ಗೇಮ್ ತನ್ನ ತವರಿನವರು ಕೊಟ್ಟದ್ದೆಂದು ಒಂದು ಏಟು, ಟೀವಿಗೆಂದು ಇನ್ನೊಂದು. ಸಾಲದೆ ಅಂದೇ ಪಾರಿಶ್ವಾಡಕ್ಕೆ ಹೇಳಿಕಳಿಸಿದಳು. ಮರುದಿನ ಬಂದ ಕಾಕಾ ಕೂಡಲಿಲ್ಲ, ಚಹಾ ಮುಟ್ಟಲಿಲ್ಲ. ಅಪ್ಪ ಕೈ ಹಿಡಿದು ಬೇಡಿಕೊಂಡರೂ ಕೇಳಲಿಲ್ಲ. ಗಂಗವ್ವ ಪುಸ್ತಕದ ಚೀಲ ಹೆಗಲಿಗೇರಿಸಿದಾಗ, "ಅದ್ಯಾಕ ಇನ್ನ?" ಎಂದು ತೆಗೆದು ನಮ್ಮ ಕಟ್ಟೆಯ ಮೇಲಿಟ್ಟ. ಏಟು ಬೀಳಲೆಂದಷ್ಟೇ ನಾನು ಬಯಸಿದ್ದು. ಶಾಲೆ ಹೋಗುತ್ತದೆಂದು ಕಂಡ ಮೇಲೂ ಬಾಯಿ ಬಿಡಲಿಲ್ಲ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಈಗ ಆ ಕಂಪನಿಯ ಶಿಕ್ಕಾಗಳನ್ನೆಲ್ಲ ಯಾರೋ ಪುಣ್ಯಾತ್ಮರು ಕೂಡಿಸಿ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ನನ್ನ ಮಗ ಫೋನಿನಲ್ಲಿ ತೋರಿಸಿದ. ಕಾರಿನದು, ಮೀನಿನದು, ಭೂತದ್ದು, ಎಲ್ಲವೂ ಇವೆ. ಒಂದು ಬಣ್ಣವೂ ಮಾಸಿಲ್ಲ. ನಮ್ಮ ಬಾಲ್ಯದಲ್ಲಿ ಹಾಳಾದದ್ದು ಗಂಗವ್ವನ ಕೈ ಒಂದೇ.

ಅವಳಿಗೆ ಹದಿನಾರಕ್ಕೇ ಮದುವೆಯಾಯಿತು, ಹಲಸಿ ಎಂಬ ಊರಿಗೆ ಕೊಟ್ಟರು. ಹೋದ ಚಳಿಗಾಲ ಆ ಊರಿಗೆ ಹೋದವಳು ಅವಳ ಮನೆಗೂ ಹೋದೆ. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ, ಕಾಲೇಜಿಗೆ ಹೋಗುವ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಈ ದೊಡ್ಡವ್ವನ ಮನ್ಯಾಗ ನಾ ಸಾಲಿಗಿ ಇದ್ದದ್ದು. ಒರಸು ಅಂದಿದ್ಲು, ನಾ ಹುಚ್ಚಿ, ನೀರ ಸುರುವಿದೆ," ಎಂದು ಮಗಳಿಗೆ ಹೇಳಿ ನನ್ನ ಕಡೆ ತಿರುಗಿದಳು. "ಅಕ್ಕಾ, ಅವತ್ತ ನಿನ್ನ ಮಾತ ಸರಿಯಾಗಿ ಕೇಳಿದ್ರ ನನ್ನ ಬಾಳ ಬ್ಯಾರೆ ಇರತಿತ್ತು. ನಿಮಗೂ ಲುಕ್ಸಾನ ಮಾಡಿದೆ. ಮನಸಿನ್ಯಾಗ ಇಟಗೋಬ್ಯಾಡ."

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಗಂಗವ್ವ ನನ್ನ ರೊಟ್ಟಿಗೆ ಇನ್ನಷ್ಟು ಬೆಣ್ಣೆ ಹಾಕಿದಳು.

"ಇರಲಿ ಬಿಡ ಗಂಗವ್ವಾ, ಸಣ್ಣಾಕಿ ಇದ್ದಿ," ಎಂದು ಅವಳನ್ನು ಕ್ಷಮಿಸಿ, ರೊಟ್ಟಿ ಮುರಿದೆ.